ಅಮೆರಿಕದ ಸಿರಾಕ್ಯೂಸ್ ಕಾಲೇಜ್ ಬಾಸ್ಕೆಟ್‌ಬಾಲ್ ಟೀಮಿನ ಝೋನ್ ಡಿಫೆನ್ಸ್ ಕಂಡ್ರೆ ಫ್ಯಾನ್ಸ್‌ಗೆ ಯಾಕಷ್ಟು ಸಿಟ್ಟು ಬರ್ತಿತ್ತು?

ಮೂಲೆಯಿಂದ ಬೀಳೋ ತ್ರೀ ಪಾಯಿಂಟರ್‌ಗಳೇ (ದೂರದಿಂದ ಹಾಕೋ ಮೂರು ಪಾಯಿಂಟ್ ಶಾಟ್‌ಗಳು) ದೊಡ್ಡ ಕಾರಣ. ಜಿಮ್ ಬೋಹೈಮ್ 1976ರಿಂದ 2023ರವರೆಗೆ ಕೋಚ್ ಆಗಿದ್ರು, ಕೊನೇ ವರ್ಷಗಳಲ್ಲಂತೂ ಹೆಚ್ಚೂಕಮ್ಮಿ ಬರೀ 2-3 ಝೋನೇ, ಅಂದ್ರೆ ಮುಂದೆ ಇಬ್ರು ಹಿಂದೆ ಮೂವರು ನಿಂತು ಆಳಿನ ಬದಲು ಜಾಗ ಕಾಯೋದು. ಎದುರಾಳಿ ಬಾಸ್ಕೆಟ್ ಎದುರಿನ ಫ್ರೀ ಥ್ರೋ ಲೈನ್ ಹತ್ರ ಇರೋ ತನ್ನ ಆಟಗಾರನಿಗೆ ಬಾಲ್ ಕೊಟ್ಟ ತಕ್ಷಣ ಝೋನ್ ಕಾಯೋರೆಲ್ಲ ಒಳಗೆ ಬಂದ್ಬಿಡ್ತಾರೆ, ಅಷ್ಟರಲ್ಲಿ ಬಾಲ್ ಮೂಲೆಗೆ ಹೋಗಿರುತ್ತೆ, ಅಲ್ಲಿ ಶೂಟರ್ ಒಬ್ನೇ ಆರಾಮಾಗಿ ನಿಂತಿರ್ತಾನೆ. ಶಾಟ್ ಮಿಸ್ಸಾದ್ರೂ ನೆಮ್ಮದಿ ಇಲ್ಲ, ಯಾರು ಯಾರನ್ನ ತಡೀಬೇಕು ಅಂತ ಫಿಕ್ಸ್ ಇರಲ್ವಲ್ಲ, ರಿಬೌಂಡೂ, ಅಂದ್ರೆ ಮಿಸ್ಸಾಗಿ ವಾಪಸ್ ಬರೋ ಬಾಲೂ, ಎದುರಾಳಿಗೇ.

2003ರ ರಾಷ್ಟ್ರೀಯ ಕಾಲೇಜ್ ಟೂರ್ನಿ ಫೈನಲ್‌ನಲ್ಲಿ ಸಿರಾಕ್ಯೂಸ್‌ನ ಹಕೀಮ್ ವಾರಿಕ್ ಮೂಲೆಗೆ ಹಾರಿ ಎದುರಾಳಿ ಕಾನ್ಸಾಸ್‌ನ ತ್ರೀ ಪಾಯಿಂಟರ್ ಬ್ಲಾಕ್ ಮಾಡಿದ್ದ, 81-78 ಗೆದ್ರು. ಅಂಥ ಉದ್ದ ಕೈ ಹುಡುಗ್ರು ಇದ್ರೆ ಝೋನ್ ಸೂಪರ್, ಇಲ್ದೇ ಇರೋ ವರ್ಷನೂ ಅದನ್ನೇ ಹಿಡ್ಕೊಂಡು ಕೂತಿದ್ದೇ ನನಗೆ ತುಂಬಾ ಬೇಜಾರು.