ಪ್ರತಿ: ಅಪ್ಪನ ಕಿಡ್ನಿಗೆ ಕ್ಲೋನಿಂಗ್ ಮಾಡ್ಸೋದು ತಪ್ಪಾ?

ಅಪ್ಪಾಜಿಗೆ ಮಂಡ್ಯದಲ್ಲಿ ಡಯಾಲಿಸಿಸ್ ನಡೀತಿದೆ, ಅವ್ರದೇ ಜೀವಕೋಶದಿಂದ ಕ್ಲೋನ್ ಮಾಡಿ ಕಿಡ್ನಿ ಬೆಳೆಸಿದ್ರೆ ಪಾಪನಾ, ಅಜ್ಜಿ ಬ್ಯಾಡ ಅಂತಾವ್ರೆ ಅಂತ ಕೇಳಿದೀರ. ಮೊದ್ಲು ಒಂದ್ ಮಾತು ಬ್ರದರ್, ಹಂಗೆ ಬೆಳೆಸಿದ ಕಿಡ್ನಿ ಇವತ್ತು ಯಾವ್ ಆಸ್ಪತ್ರೇಲೂ ಸಿಗಲ್ಲ, ಯಾರಾದ್ರೂ ಕೊಡ್ತೀವಿ ಅಂದ್ರೆ ಒಂದ್ ರೂಪಾಯಿನೂ ಬಿಚ್ಬೇಡಿ.

ಸರಿ ತಪ್ಪಿನ ವಿಷ್ಯಕ್ಕೆ ಬಂದ್ರೆ, ಕ್ಲೋನ್ ಮಾಡಿ ಮಗು ಹುಟ್ಸೋದು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಗೈಡ್‌ಲೈನ್ಸ್ ಪ್ರಕಾರ ನಿಷಿದ್ಧ, ಅದು ಹಂಗೇ ಇರ್ಬೇಕು, 1996ರಲ್ಲಿ ಡಾಲಿ ಅನ್ನೋ ಒಂದ್ ಕ್ಲೋನ್ ಕುರಿ ಹುಟ್ಟೋಕೆ 277 ಅಂಡಾಣು ಬಳಸಿದ್ರು, ಮನುಷ್ಯರ ಮೇಲೆ ಹಂಗ್ ಮಾಡಕ್ಕಾಗುತ್ತಾ? ಚಿಕಿತ್ಸೆಗೆ ಅಂತ ರೋಗಿಯ ಕೋಶನ ಅಂಡಾಣು ಜೊತೆ ಸೇರ್ಸಿ ಲ್ಯಾಬಲ್ಲಿ ಭ್ರೂಣ ಮಾಡಿ ಸ್ಟೆಮ್ ಸೆಲ್ (ದೇಹದ ಬೇರೆ ಬೇರೆ ಥರದ ಕೋಶ ಆಗಬಲ್ಲ ಮೂಲ ಕೋಶ) ತೆಗೆಯೋದು ಬೇರೆ. ಅಲ್ಲಿ ಎಲ್ರೂ ಭ್ರೂಣ ನಾಶ ಆಗುತ್ತೆ ಅಂತಾನೇ ವಾದ ಮಾಡ್ತಾರೆ, ನಂಗೆ ಜಾಸ್ತಿ ಚುಚ್ಚೋದು ಅಂಡಾಣು ಯಾರ್ ಕೊಡ್ಬೇಕು ಅನ್ನೋದು. ಅದಕ್ಕೆ ಹೆಣ್ಮಕ್ಳು ದಿನಾ ಹಾರ್ಮೋನ್ ಇಂಜೆಕ್ಷನ್ ತಗೋಬೇಕು, ಅಪಾಯಾನೂ ಇದೆ. ದಕ್ಷಿಣ ಕೊರಿಯಾದ ವಿಜ್ಞಾನಿ ಹ್ವಾಂಗ್ ವೂ-ಸುಕ್ 2004, 2005ರಲ್ಲಿ ಮನುಷ್ಯರ ಕ್ಲೋನ್ ಭ್ರೂಣದಿಂದ ಸ್ಟೆಮ್ ಸೆಲ್ ತೆಗೆದೆ ಅಂದ, ಡೇಟಾ ಸುಳ್ಳು ಅಂತ ಗೊತ್ತಾಯ್ತು, ಜೊತೆಗೆ ಅವನ ಲ್ಯಾಬಲ್ಲಿ ಕೆಲ್ಸ ಮಾಡೋ ಹೆಣ್ಮಕ್ಳೇ ಅಂಡಾಣು ಕೊಟ್ಟಿದ್ದೂ ಹೊರಗ್ ಬಂತು. ನಮ್ಮಲ್ಲಿ ಇದಕ್ಕೆ ದುಡ್ಡು ಅಂತ ಶುರುವಾದ್ರೆ ಸಾಲದಲ್ಲಿರೋ ಮನೆ ಹೆಣ್ಮಕ್ಳೇ ಮುಂದೆ ನಿಲ್ಬೇಕಾಗುತ್ತೆ.

ಆದ್ರೆ ಬೇರೆ ದಾರಿನೂ ಇದೆ, ಜಪಾನಿನ ವಿಜ್ಞಾನಿ ಯಮನಾಕ 2006ರಲ್ಲಿ ಇಲಿ, 2007ರಲ್ಲಿ ಮನುಷ್ಯರ ಚರ್ಮದ ಕೋಶನೇ ಸ್ಟೆಮ್ ಸೆಲ್ ಥರ ಮಾಡಿ ತೋರ್ಸಿದ್ರು, ಅಂಡಾಣುನೂ ಬೇಡ ಭ್ರೂಣನೂ ಬೇಡ. ನನ್ ಆಸೆ ಅದ್ರ ಮೇಲೇ.

ಅಪ್ಪಾಜಿ ಟ್ರಾನ್ಸ್‌ಪ್ಲಾಂಟ್‌ಗೆ ಫಿಟ್ ಇದಾರಾ ಅಂತ ನೆಫ್ರಾಲಜಿಸ್ಟ್ ಹತ್ರ ಈ ವಾರನೇ ಕೇಳಿ, ಮನೇಲಿ ಯಾರೂ ಕೊಡಕ್ಕಾಗ್ದಿದ್ರೆ ಟ್ರಾನ್ಸ್‌ಪ್ಲಾಂಟ್ ಮಾಡೋ ಆಸ್ಪತ್ರೆ ಮೂಲಕ ಜೀವಸಾರ್ಥಕತೆ (ಕರ್ನಾಟಕದ ಅಂಗದಾನ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ) ವೇಯ್ಟಿಂಗ್ ಲಿಸ್ಟಲ್ಲಿ ಹೆಸ್ರು ಬರೆಸಿ.