ಅಪ್ಪನ ಹೆಸರು ಗೊತ್ತು, ಅವ್ವನದು?

ಹೊಳಲ್ಕೆರೆ ಕಡೆಯ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಬೆಂಗಳೂರಿನಲ್ಲಿ ರೇಸ್ ಓಡಿ ನಿವೃತ್ತಿಯಾದ ಆರು ವರ್ಷದ ಹೆಣ್ಣು ಕುದುರೆಯೊಂದನ್ನು ಕೊಂಡು ತೋಟದಲ್ಲಿ ಕಟ್ಟಿದ್ದಾರಂತೆ. ಅದು ಒಂದು ಓಟವನ್ನೂ ಗೆದ್ದಿಲ್ಲ. ಅವರ ಪ್ರಶ್ನೆ ಮೂರು. ದೊಡ್ಡ ಓಟ ಗೆದ್ದ ಗಂಡಿಗೆ ಕೊಡಿಸಿದರೆ ಮರಿ ಗೆಲ್ಲುತ್ತದಾ? ‘ಸ್ಪೀಡ್ ಜೀನ್’ ಪರೀಕ್ಷೆ ಮಾಡಿಸಿದರೆ ಮೊದಲೇ ಗೊತ್ತಾಗುತ್ತದಾ? ಈ ಹೆಣ್ಣಿನ ಅಪ್ಪನಿಗೇ ಬೇರೆ ತಾಯಲ್ಲಿ ಹುಟ್ಟಿದ ಗಂಡಿನ ಜೊತೆ ಸೇರಿಸಿ, ರಕ್ತ ಗಟ್ಟಿಯಾಗುತ್ತೆ ಅಂತ ಪರಿಚಯದವರು ಹೇಳಿದ್ದಾರೆ, ಸರಿಯಾ?

ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಪುಟದಲ್ಲಿ ಒಂದೂವರೆ ಪುಟ ಯಾವ ಗಂಡು ತರಲಿ ಅನ್ನುವುದರ ಮೇಲೇ ಇದೆ. ನಿಮ್ಮ ಲಾಯದಲ್ಲೇ ಇರುವ ಹೆಣ್ಣಿನ ಬಗ್ಗೆ ವಯಸ್ಸು, ಬಣ್ಣ, ‘ಗೆದ್ದಿಲ್ಲ’ ಅನ್ನುವ ಒಂದು ಮಾತು, ಅಷ್ಟೇ. ನೀವೊಬ್ಬರೇ ಹೀಗಲ್ಲ ಬಿಡಿ. ಹೊನ್ನಾಳಿ ಕಡೆ ಹೋರಿ ಹಬ್ಬಕ್ಕೆ ಹೋದಾಗಲೂ ನಾನು ಇದನ್ನೇ ಕೇಳುತ್ತೇನೆ. ಇಂಥ ಊರಿನ ಇಂಥ ಹೋರಿಯ ಮಗ ಅಂತ ಎದೆ ಉಬ್ಬಿಸಿ ಹೇಳುತ್ತಾರೆ. ಯಾವ ಹಸುವಿನ ಹೊಟ್ಟೆಯದು ಅಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುವ ಗಾದೆ ಇರುವ ನಾಡಲ್ಲಿ ಇದು ತಮಾಷೆಯೇ ಸರಿ.

ಮೊದಲ ಪ್ರಶ್ನೆಗೆ ಬರುತ್ತೇನೆ. ಕುದುರೆಗೆ ಜೀನ್‌ಗಳನ್ನು ಹೊತ್ತ ವರ್ಣತಂತು (ಕ್ರೋಮೋಸೋಮ್) 64. ಮರಿಗೆ ಅಪ್ಪನಿಂದ 32, ಅವ್ವನಿಂದ 32. ಯಾವ ಜೋಡಿಯಿಂದ ಯಾವುದು ಇಳಿದು ಬರುತ್ತದೆ ಅನ್ನುವುದು ಇಸ್ಪೀಟು ಕಲಸಿದ ಹಾಗೆ. ಒಂದೇ ಗಂಡು ಕುದುರೆ ಕೊಡಬಹುದಾದ ಬೇರೆ ಬೇರೆ ‘ಕೈ’ಗಳ ಲೆಕ್ಕ ಹಾಕಿದರೆ ಸುಮಾರು 429 ಕೋಟಿ ಆಗುತ್ತದೆ. ಅವ್ವನ ಕಡೆಯೂ ಅಷ್ಟೇ. ಅಪ್ಪನನ್ನು ಗೆಲ್ಲಿಸಿದ್ದು ಅದರ ಕೈಯಲ್ಲಿದ್ದ ಎಲೆಗಳೆಲ್ಲ ಒಟ್ಟಿಗೆ ಕೂಡಿದ್ದು. ಆ ಕೂಟ ಹಾಗೇ ಇಡಿಯಾಗಿ ಮರಿಗೆ ಬರುವುದಿಲ್ಲ. ಅದೇ ಅಪ್ಪ ಅವ್ವನಿಗೆ ಹುಟ್ಟಿದ ಒಂದು ಮರಿ ಕಪ್ ಗೆದ್ದು, ಇನ್ನೊಂದು ಮದುವೆ ಮೆರವಣಿಗೆಗೆ ಹೋಗುವುದು ಇದಕ್ಕೇ.

ದುಡ್ಡಿನ ಲೆಕ್ಕದಲ್ಲಿ ನೋಡಿದರೂ ಹೀಗೇ. ಬ್ರಿಟನ್ನಿನ ರೇಸ್ ಕುದುರೆಗಳ ಬಗ್ಗೆ 2008ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಕುದುರೆಗಳು ಜೀವಮಾನದಲ್ಲಿ ಗೆದ್ದ ಹಣದಲ್ಲಿ ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸಕ್ಕೆ ಜೀನ್ ಎಷ್ಟು ಕಾರಣ ಅಂತ ನೋಡಿದರೆ, ನೂರಕ್ಕೆ ಹತ್ತರಷ್ಟು ಮಾತ್ರ ಅಂತ ಬಂತು. ಉಳಿದದ್ದು ಮೇವು, ತರಬೇತಿ, ಜಾಕಿ, ಕಾಲು ನೋವು, ಅದೃಷ್ಟ. 2006ರಲ್ಲಿ ಅಮೆರಿಕದ ಹರಾಜಿನಲ್ಲಿ ‘ದಿ ಗ್ರೀನ್ ಮಂಕಿ’ ಎಂಬ ಎರಡು ವರ್ಷದ ಕುದುರೆ 1 ಕೋಟಿ 60 ಲಕ್ಷ ಡಾಲರಿಗೆ ಹೋಯಿತು. ವಂಶ ಅಂಥದ್ದು. ಓಡಿದ್ದು ಮೂರು ಸಲ, ಗೆದ್ದದ್ದು ಸೊನ್ನೆ.

ಈಗ ನಿಮಗೆ ಸ್ವಲ್ಪ ಖುಷಿಯ ಸುದ್ದಿ. 1973ರಲ್ಲಿ ಅಮೆರಿಕದ ಬೆಲ್ಮಾಂಟ್ ಓಟವನ್ನು 31 ಕುದುರೆಯುದ್ದ ಮುಂದಿದ್ದು ಗೆದ್ದ ಸೆಕ್ರೆಟೇರಿಯಟ್ ಹೆಸರು ಕೇಳಿರುತ್ತೀರಿ. ಅದರ ತಾಯಿ ಸಮ್‌ಥಿಂಗ್‌ರಾಯಲ್. ಅದು ಓಡಿದ್ದು ಒಂದೇ ಓಟ, ಗೆಲ್ಲಲಿಲ್ಲ! ಆದರೂ ಸೆಕ್ರೆಟೇರಿಯಟ್‌ಗಿಂತ ಮೊದಲು ಬೇರೆ ಗಂಡಿನಿಂದ ಸರ್ ಗೇಲಾರ್ಡ್ ಎಂಬ ಒಳ್ಳೆಯ ಕುದುರೆಯನ್ನೂ ಅದು ಈದಿತ್ತು. ಎರಡು ಬೇರೆ ಅಪ್ಪಂದಿರು, ಎರಡೂ ಮರಿ ಹೆಸರು ಮಾಡಿದವು. ಅಂದರೆ ಸರಕು ಎಲ್ಲಿತ್ತು? ಮುಂದಿನ ಕತೆ ಇನ್ನೂ ಚೆಂದ. ಸೆಕ್ರೆಟೇರಿಯಟ್‌ನ ಗಂಡು ಮರಿಗಳಲ್ಲಿ ಅಪ್ಪನ ಸಮಕ್ಕೆ ಒಂದೂ ಬರಲಿಲ್ಲ. ಹೆಣ್ಣು ಮಕ್ಕಳ ಹೊಟ್ಟೆಯಲ್ಲಿ ಮಾತ್ರ ಎ.ಪಿ. ಇಂಡಿ, ಸ್ಟಾರ್ಮ್ ಕ್ಯಾಟ್‌ನಂಥ ಹೆಸರಾಂತ ಗಂಡುಗಳು ಹುಟ್ಟಿದವು.

ಇದನ್ನು ಓದಿ ಕೂಡಲೇ ಗಂಡು ಹುಡುಕಲು ಹೊರಡಬೇಡಿ. ಸಮ್‌ಥಿಂಗ್‌ರಾಯಲ್‌ನ ಅಪ್ಪ ಪ್ರಿನ್ಸ್‌ಕ್ವಿಲ್ಲೊ ದೊಡ್ಡ ಹೆಸರಿನ ಕುದುರೆ. ಗೆಲ್ಲದ ಹೆಣ್ಣು ಕುದುರೆ ಲೋಕದಲ್ಲಿ ಬೇಕಾದಷ್ಟಿವೆ, ಸೆಕ್ರೆಟೇರಿಯಟ್ ಹೆತ್ತದ್ದು ಒಂದೇ. ನಿಮ್ಮ ಕುದುರೆ ಯಾಕೆ ಗೆಲ್ಲಲಿಲ್ಲ ಅಂತ ಮೊದಲು ತಿಳಿದುಕೊಳ್ಳಿ. ಕಾಲು ನೋವಾಗಿತ್ತಾ, ಉಸಿರು ಸಾಲಲಿಲ್ಲವಾ, ಇಲ್ಲ ಸುಮ್ನೆ ನಿಧಾನದ್ದಾ? ಅದರ ಅವ್ವ ಬೇರೆ ಏನು ಹೆತ್ತಿದೆ? ಅಣ್ಣ ತಮ್ಮ ಅಕ್ಕ ತಂಗಿಯರು ಹೇಗೆ ಓಡಿದರು? ಇದು ಯಾವ ಪರೀಕ್ಷೆಗಿಂತಲೂ ಜಾಸ್ತಿ ಹೇಳುತ್ತದೆ.

‘ಸ್ಪೀಡ್ ಜೀನ್’ ಪರೀಕ್ಷೆ ಸುಳ್ಳೇನಲ್ಲ. 2010ರಲ್ಲಿ ಡಬ್ಲಿನ್‌ನ ಎಮ್ಮಲಿನ್ ಹಿಲ್ ಮತ್ತು ಜೊತೆಗಾರರು ಮಯೊಸ್ಟಾಟಿನ್ ಎಂಬ ಜೀನ್ ಮೇಲೆ ಕೆಲಸ ಮಾಡಿ ತೋರಿಸಿದ್ದು ಇದು. ಈ ಜೀನ್ ಸ್ನಾಯು ಬೆಳೆಯುವುದಕ್ಕೆ ಕಡಿವಾಣ. ಇದರಲ್ಲಿ ಸಿ, ಟಿ ಅಂತ ಎರಡು ಬಗೆ. ಎರಡೂ ಕಡೆಯಿಂದ ಸಿ ಬಂದರೆ ಗಿಡ್ಡ ಓಟಕ್ಕೆ, ಎರಡೂ ಟಿ ಆದರೆ ದೂರದ ಓಟಕ್ಕೆ, ಒಂದೊಂದಾದರೆ ನಡುವಿನದಕ್ಕೆ ಹೊಂದುತ್ತದೆ. ಆದರೆ ಅದು ಹೇಳುವುದು ಎಷ್ಟು ದೂರ ಅನ್ನುವುದನ್ನು, ಗೆಲ್ಲುತ್ತದಾ ಅನ್ನುವುದನ್ನಲ್ಲ. 1200 ಮೀಟರ್‌ಗೆ ಓಡಿಸುವುದಾ 2400ಕ್ಕಾ ಅಂತ ಯೋಚಿಸುವವರಿಗೆ ಉಪಯೋಗ ಇದೆ. ಕೊನೆಗೆ ಬರುವ ಕುದುರೆಯಲ್ಲೂ ಸಿ ಇರುತ್ತದೆ ಸ್ವಾಮಿ. ಅಂದಹಾಗೆ 2012ರಲ್ಲಿ ಅದೇ ಗುಂಪು ಈ ಸಿ ಎಲ್ಲಿಂದ ಬಂತು ಅಂತ ಹುಡುಕಿತು. ಸುಮಾರು 300 ವರ್ಷದ ಹಿಂದೆ, ಬಹುಶಃ ಬ್ರಿಟನ್ನಿನ ಒಂದೇ ಒಂದು ಸ್ಥಳೀಯ ಹೆಣ್ಣು ಕುದುರೆಯಿಂದ ಥರೋಬ್ರೆಡ್, ಅಂದರೆ ರೇಸ್ ಕುದುರೆಗಳ ತಳಿಗೆ ಬಂದಿತಂತೆ. ತಳಿಯ ಕತೆ ಹೇಳುವಾಗ ಎಲ್ಲರೂ ಡಾರ್ಲಿ ಅರೇಬಿಯನ್, ಬೈಯರ್ಲಿ ಟರ್ಕ್, ಗೊಡಾಲ್ಫಿನ್ ಅರೇಬಿಯನ್ ಅಂತ ಮೂರು ಗಂಡಿನ ಹೆಸರು ಹೇಳುತ್ತಾರೆ. ಆ ಹೆಣ್ಣಿಗೆ ಹೆಸರೇ ಇಲ್ಲ.

ರಕ್ತ ಗಟ್ಟಿ ಮಾಡುವ ಸಲಹೆ ಬಿಟ್ಟುಬಿಡಿ. ಒಂದೇ ಅಪ್ಪನ ಮಕ್ಕಳನ್ನು ಕೂಡಿಸಿದರೆ, ಮರಿಯ ಜೀನ್‌ಗಳಲ್ಲಿ ಎಂಟರಲ್ಲಿ ಒಂದು ಪಾಲು ಎರಡೂ ಕಡೆಯಿಂದ ಒಂದೇ ಆಗಿ ಬಂದು ಕೂರುವ ಲೆಕ್ಕ. ಒಳ್ಳೆಯದು ಗಟ್ಟಿಯಾಗಬಹುದು, ಅಡಗಿದ್ದ ಕೆಟ್ಟದ್ದೂ ಮೇಲೆ ಬರಬಹುದು. ಅರಬ್ಬಿ ಕುದುರೆಗಳಲ್ಲಿ ರೋಗ ತಡೆಯುವ ಶಕ್ತಿಯೇ ಇಲ್ಲದೆ ಹುಟ್ಟುವ ಮರಿಗಳಿವೆ. ಅವು ಕೆಲವೇ ತಿಂಗಳಲ್ಲಿ ಸಾಯುತ್ತವೆ. ಅಪ್ಪ ಅವ್ವ ಇಬ್ಬರೂ ನೋಡಲು ಗಟ್ಟಿಮುಟ್ಟು! ಇಬ್ಬರಲ್ಲೂ ಅದೇ ಕೆಟ್ಟ ಜೀನ್ ಒಂದೊಂದು ಅಡಗಿದ್ದರೆ ನಾಲ್ಕರಲ್ಲಿ ಒಂದು ಮರಿಗೆ ಈ ಗತಿ.

ಚಳ್ಳಕೆರೆ ಕಡೆಯ ಅಮೃತ್ ಮಹಲ್ ಕಾವಲು ನೋಡಿದ್ದೀರಲ್ವಾ? ಮೈಸೂರು ಅರಸರ ದನ ಸಾಕುವ ಇಲಾಖೆ ‘ಬೆಣ್ಣೆ ಚಾವಡಿ’ಯೇ ಟಿಪ್ಪು ಕಾಲಕ್ಕೆ ಅಮೃತ್ ಮಹಲ್ ಆಯಿತು. ಆ ದನಗಳನ್ನು ಆಯ್ದು ಬೆಳೆಸಿದ್ದು ದಂಡಿನ ಸಾಮಾನು, ಫಿರಂಗಿ ಎಳೆದು ಬೇಗ ಹೋಗಲಿ ಅಂತ, ಹಾಲಿಗಲ್ಲ. ಹಿಂಡು ಹಿಂಡೇ ಇದ್ದುದರಿಂದ ಒಳ್ಳೆಯದನ್ನು ಉಳಿಸಿಕೊಂಡು ಉಳಿದದ್ದನ್ನು ಬಿಡುವುದು ಸಾಧ್ಯವಾಯಿತು. ನಿಮ್ಮ ಹತ್ತಿರ ಇರುವುದು ಒಂದು ಕುದುರೆ. ಬಿಡುವುದಕ್ಕೆ ಏನೂ ಇಲ್ಲ, ಅದೇ ಕಷ್ಟ.

ಇನ್ನೊಂದು ವಿಷಯ. ಹಸುವಿಗೆ ಡಾಕ್ಟರು ಮನೆಗೇ ಬಂದು ಗಬ್ಬದ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಟ್ಟ ಹಾಗೆ ಇಲ್ಲಿ ನಡೆಯುವುದಿಲ್ಲ. ಥರೋಬ್ರೆಡ್ ಮರಿ ಸ್ಟಡ್ ಬುಕ್‌ಗೆ, ಅಂದರೆ ತಳಿಯ ದಾಖಲೆ ಪುಸ್ತಕಕ್ಕೆ ಸೇರಬೇಕಾದರೆ ಗಂಡು ಹೆಣ್ಣು ನಿಜವಾಗಿ ಕೂಡಲೇಬೇಕು, ಡಿಎನ್ಎ ಪರೀಕ್ಷೆಯಲ್ಲಿ ಅಪ್ಪ ಅವ್ವ ಯಾರು ಅಂತ ಸಾಬೀತಾಗಬೇಕು. ಪುಸ್ತಕದಲ್ಲಿ ಹೆಸರಿಲ್ಲದ ಮರಿಗೆ ರೇಸ್ ಇಲ್ಲ. ಗಬ್ಬ ಹನ್ನೊಂದು ತಿಂಗಳು. ಹುಟ್ಟಿದ ಮರಿ ಓಟಕ್ಕೆ ಇಳಿಯಲು ಕಡಿಮೆ ಅಂದರೂ ಎರಡು ವರ್ಷ. ಅಷ್ಟು ದಿನದ ಹುಲ್ಲು, ಹುರುಳಿ, ಲಾಳ, ಆಳಿನ ಸಂಬಳ ಒಂದು ಚೀಟಿಯಲ್ಲಿ ಬರೆದು ನೋಡಿ.

ನಿಮ್ಮ ಮನಸ್ಸು ರೇಸಿಗಿಂತ ಜಿಗಿತದ ಆಟದ ಕಡೆ ಇದ್ದರೆ ದಾರಿ ಸ್ವಲ್ಪ ಬೇರೆ. ಜರ್ಮನಿಯ ಹೋಲ್‌ಸ್ಟೈನರ್ ತಳಿಯವರು ಇಂಜೆಕ್ಷನ್ ಒಪ್ಪುತ್ತಾರೆ, ಥರೋಬ್ರೆಡ್ ರಕ್ತವನ್ನೂ ಬೆರೆಸಿಕೊಂಡಿದ್ದಾರೆ. ಅಲ್ಲಿ ವಂಶ ಗುರುತಿಸುವುದೇ ತಾಯಿ ಕಡೆಯಿಂದ, ಪ್ರತಿ ತಾಯಿವಂಶಕ್ಕೂ ಒಂದು ನಂಬರ್ ಇದೆ.

ಗಂಡಿನ ಹೆಸರುಗಳ ಪಟ್ಟಿ ಸದ್ಯಕ್ಕೆ ಪೆಟ್ಟಿಗೆಯಲ್ಲಿರಲಿ. ಕುದುರೆ ಕೊಂಡಾಗ ಕೊಟ್ಟ ಪಾಸ್‌ಪೋರ್ಟ್ ಪುಸ್ತಕ ತೆಗೆದು ನೋಡಿ, ಮುಂದಿನ ಪತ್ರದಲ್ಲಿ ಅದರ ಅವ್ವನ ಹೆಸರು ಬರೆಯಿರಿ.

— ಸಂಪಾದಕ, ದಾವಣಗೆರೆ