ಲೈಬ್ರರಿ ಕೆಲಸ ದೇವರ ಸೇವೆ ಆಗುತ್ತಾ?

ಪ್ರಶ್ನೆ: ನನಗೆ 34 ವರ್ಷ. ಊರು ಉಡುಪಿ ಕಡೆ. ಬೀದರ್ ಜಿಲ್ಲೆಯ ಒಂದು ಅನುದಾನಿತ ಡಿಗ್ರಿ ಕಾಲೇಜಿನಲ್ಲಿ ಲೈಬ್ರೇರಿಯನ್. ನೆಟ್, ಪಿಎಚ್‌ಡಿ ಎಲ್ಲ ಆಗಿದೆ. ಆದರೂ ಸ್ಟಾಫ್ ರೂಮಿನಲ್ಲಿ ನಾನು ‘ಪುಸ್ತಕ ಕೊಡೋ ಮೇಡಂ’ ಅಷ್ಟೇ. ಹುಡುಗರು ಬರುವುದು ಫ್ಯಾನ್ ಗಾಳಿಗೆ, ಇಲ್ಲವೇ ಕಾನ್‌ಸ್ಟೇಬಲ್ ಪರೀಕ್ಷೆಯ ಗೈಡಿಗೆ. ಕಾಲೇಜಿನಲ್ಲಿ ಕ್ರೈಸ್ತಳು ನಾನೊಬ್ಬಳೇ. ಇಲ್ಲಿನ ಮೆಥೋಡಿಸ್ಟ್ ಸಭೆಗೆ ಹೋಗುತ್ತೇನೆ, ಆರಾಧನೆ ಮುಗಿದ ಕೂಡಲೇ ರೂಮಿಗೆ ವಾಪಸ್. ಸಭೆಯ ಹಿರಿಯರೊಬ್ಬರು ‘ಟೀಚರೋ ನರ್ಸೋ ಆಗಿದ್ದರೆ ಅದು ಸೇವೆ’ ಅಂದರು. ಕೌಂಟರ್ ಮೇಲೆ ಸುವಾರ್ತೆಯ ಕರಪತ್ರ ಇಡು ಅಂತಲೂ ಹೇಳುತ್ತಾರೆ. ಬೆಂಗಳೂರಿನ ಕ್ರೈಸ್ತ ಕಾಲೇಜೊಂದರಲ್ಲಿ ಕಡಿಮೆ ಸಂಬಳದ ಕಾಂಟ್ರಾಕ್ಟ್ ಕೆಲಸ ಸಿಗುವ ಹಾಗಿದೆ. ನಮ್ಮವರ ನಡುವೆ ಇದ್ದರೆ ಈ ಖಾಲಿತನ ಹೋಗುತ್ತಾ? ದೇವರು ನನ್ನನ್ನು ಇಲ್ಲಿ ಯಾಕೆ ಇಟ್ಟಿದ್ದಾನೆ?
– ಹೆಸರು ಬೇಡ, ಬೀದರ್ ಜಿಲ್ಲೆ

ಉತ್ತರ: ನಿಮ್ಮ ಕಾಗದದಲ್ಲಿ ಎರಡು ಸಂಕಟ ಒಂದಕ್ಕೊಂದು ಸಿಕ್ಕು ಹಾಕಿಕೊಂಡಿವೆ. ಮಾಡುವ ಕೆಲಸಕ್ಕೆ ಅರ್ಥ ಬೇಕು. ಜೊತೆಗೆ ನಾಲ್ಕು ಜನ ಬೇಕು. ಎರಡೂ ಒಂದೇ ಕಡೆ, ಅದೂ ‘ನಮ್ಮವರ’ ಹತ್ತಿರವೇ ಸಿಗಬೇಕು ಅಂತ ನೀವು ಹಟ ಹಿಡಿದ ಹಾಗೆ ಕಾಣುತ್ತೆ. ಹಾಗೆ ಸಿಗಲೇಬೇಕು ಅಂತೇನೂ ಇಲ್ಲ. ಎರಡನ್ನೂ ಬೇರೆ ಬೇರೆ ಮಾಡಿ ನೋಡೋಣ.

ಲೈಬ್ರರಿ ವಿಜ್ಞಾನದ ಹಿರಿಯ ಎಸ್. ಆರ್. ರಂಗನಾಥನ್ ಅವರ ಐದು ಸೂತ್ರಗಳನ್ನು ನೀವು ಪರೀಕ್ಷೆಗೆ ಬಾಯಿಪಾಠ ಮಾಡಿಯೇ ಬಂದಿರುತ್ತೀರಿ. ಅವರ ಬೇಸರದ ಕಥೆ ಗೊತ್ತಾ? ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರೇರಿಯನ್ ಆದರು. ಸ್ವಲ್ಪ ದಿನಕ್ಕೇ ಸಾಕಪ್ಪಾ ಸಾಕು ಅನ್ನಿಸಿತು. ಬರುವವರು ಕಡಿಮೆ, ಮಾತಿಗೆ ಜನ ಇಲ್ಲ, ದಿನವಿಡೀ ಒಬ್ಬರೇ. ನನ್ನನ್ನು ವಾಪಸ್ ಪಾಠಕ್ಕೇ ಕಳಿಸಿ ಅಂತ ಹೋಗಿ ಕೇಳಿಕೊಂಡರು. ಮೊದಲು ಲಂಡನ್‌ಗೆ ಹೋಗಿ ಈ ಕೆಲಸ ಕಲಿತು ಬನ್ನಿ, ಆಮೇಲೂ ಬೇಡ ಅನ್ನಿಸಿದರೆ ನೋಡೋಣ ಅನ್ನೋ ಉತ್ತರ ಬಂತು. ಅಲ್ಲಿ ಅವರು ಲೈಬ್ರರಿಯಿಂದ ಲೈಬ್ರರಿಗೆ ಸುತ್ತಿದರು. ಎಲ್ಲ ಥರದ ಜನ ಬಂದು ಕೂತು ಓದುವುದನ್ನು ಕಂಡರು. ವಾಪಸ್ ಬಂದವರು ಪಾಠದ ಮಾತು ಎತ್ತಲಿಲ್ಲ. ಸೂತ್ರಗಳ ಪುಸ್ತಕ ಬಂದಿದ್ದು 1931ರಲ್ಲಿ. ಕೊನೆಗೆ ನಮ್ಮ ಬೆಂಗಳೂರಿನಲ್ಲೇ ನೆಲೆಸಿ, 1962ರಲ್ಲಿ ಲೈಬ್ರರಿ ವಿಜ್ಞಾನದ ತರಬೇತಿ ಕೇಂದ್ರ ಡಿಆರ್‌ಟಿಸಿ ಶುರು ಮಾಡಿದರು. ಅಂಥವರಿಗೇ ಈ ಕೆಲಸದ ಒಂಟಿತನ ತಡೆಯಲು ಆಗಿರಲಿಲ್ಲ. ಅದನ್ನು ನಂಬಿಕೆಯ ಕೊರತೆ ಅಂತ ತಲೆಗೆ ಹಚ್ಚಿಕೊಳ್ಳಬೇಡಿ.

ಇನ್ನು ಗೈಡ್ ಕೇಳುವ ಹುಡುಗರು. ಅವರನ್ನು ನೀವು ಸ್ವಲ್ಪ ಹಗುರ ಮಾಡಿ ಬರೆದಿದ್ದೀರಿ, ಅಲ್ವಾ? ಹಳ್ಳಿಯಿಂದ ಬಸ್ಸು ಹಿಡಿದು ಬರುವವನಿಗೆ ಮನೆಯಲ್ಲಿ ಕೂತು ಓದಲು ಒಂದು ಮೂಲೆ ಇರುವುದಿಲ್ಲ. ಫ್ಯಾನ್ ಕೆಳಗಿನ ಕುರ್ಚಿಯೇ ಅವನ ಓದುವ ಕೋಣೆ. ಯಾವ ಪುಸ್ತಕ ಕೇಳಬೇಕು ಅಂತಲೂ ಗೊತ್ತಿರುವುದಿಲ್ಲ. ಕೌಂಟರ್ ಮುಂದೆ ನಿಂತು ಸ್ಲಿಪ್ಪನ್ನು ಮಡಚುತ್ತಾ, ಬಿಚ್ಚುತ್ತಾ ಇರುತ್ತಾನೆ. ‘ಏನಪ್ಪಾ, ಯಾವ ಪೇಪರ್ ಕಷ್ಟ ಆಗ್ತಿದೆ?’ ಅಂತ ನೀವೇ ಬಾಯಿಬಿಟ್ಟು ಕೇಳಿ. ಗೈಡ್ ಕೊಡಿ, ಜೊತೆಗೆ ಅದೇ ವಿಷಯದ ಒಳ್ಳೆಯ ಪುಸ್ತಕ ಇನ್ನೊಂದು ಕೊಡಿ. ಎಂಎ ಸೇರುವ ಆಸೆ ಇರುವ ಹುಡುಗಿಗೆ ಶೋಧಗಂಗಾ ಜಾಲತಾಣ ತೆರೆದು, ಇಷ್ಟೊಂದು ಪಿಎಚ್‌ಡಿ ಪ್ರಬಂಧ ಪುಕ್ಕಟೆ ಓದಬಹುದು ಕಣಮ್ಮಾ ಅಂತ ತೋರಿಸಿ. ಆ ಹಿರಿಯರು ಮಿಶನ್ ಆಸ್ಪತ್ರೆ, ಮಿಶನ್ ಶಾಲೆ ನೋಡಿ ಬೆಳೆದವರು. ಸೇವೆ ಅಂದರೆ ಅವರ ಕಣ್ಣಿಗೆ ಬರುವುದು ಸೂಜಿ, ಇಲ್ಲವೇ ಸೀಮೆಸುಣ್ಣ. ವಾದ ಮಾಡಲು ಹೋಗಬೇಡಿ. ಬೇಕಾದರೆ ಬೈಬಲಿನಲ್ಲಿ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯ ಅಧ್ಯಾಯ ತೆಗೆದು ತೋರಿಸಿ. ಜೈಲಿನಲ್ಲಿದ್ದ ಪೌಲ ಅಲ್ಲಿ ಕೇಳುವುದು ಬಿಟ್ಟು ಬಂದ ಮೇಲಂಗಿ ಮತ್ತು ಪುಸ್ತಕಗಳನ್ನು. ಮರೆಯದೆ ತಂದುಕೊಡುವವರು ಯಾರೋ ಒಬ್ಬರು ಬೇಕಲ್ಲ!

ಕರಪತ್ರದ ವಿಷಯಕ್ಕೆ ನನ್ನ ಉತ್ತರ ಒಂದೇ. ಬೇಡ. ಕೌಂಟರ್ ನಿಮ್ಮದಲ್ಲ, ಕಾಲೇಜಿನದು. ನಿಮ್ಮ ಮುಂದೆ ನಿಂತ ಹುಡುಗನಿಗೆ ನಿಮ್ಮ ಸಹಿ ಬೇಕು, ಪುಸ್ತಕ ಬಾಕಿ ಇಲ್ಲ ಅನ್ನೋ ನೋ ಡ್ಯೂ ಬೇಕು. ಅಂಥವನ ಕೈಗೆ ನಂಬಿಕೆಯ ಕಾಗದ ಕೊಟ್ಟರೆ ಅವನು ಬೇಡ ಅನ್ನುವುದಾದರೂ ಹೇಗೆ? ನಿಮ್ಮ ನಂಬಿಕೆ ಕಾಣಬೇಕಾದ ಜಾಗ ಬೇರೆ ಇದೆ. ಧರ್ಮದ ರ‍್ಯಾಕ್ ಮುಂದೆ ಒಮ್ಮೆ ನಿಂತು ನೋಡಿ. ಪುಸ್ತಕಗಳನ್ನು ವಿಷಯದ ಪ್ರಕಾರ ಜೋಡಿಸಲು 1876ರಲ್ಲಿ ಡ್ಯೂಯಿ ಹಾಕಿಕೊಟ್ಟ ನಂಬರಿನ ಲೆಕ್ಕದಲ್ಲಿ 220ರಿಂದ 280ರವರೆಗೆ ಬೈಬಲ್, ಕ್ರೈಸ್ತ ಧರ್ಮ. ಉಳಿದ ಧರ್ಮಗಳೆಲ್ಲ 290ರಲ್ಲಿ ಒತ್ತೊತ್ತಾಗಿ ಕೂತಿವೆ. ನಂಬರ್ ನೀವು ಬದಲಾಯಿಸಲಾರಿರಿ. ಆದರೆ ಬಸವಣ್ಣನ ವಚನ, ಕುರ್‌ಆನ್, ಬುದ್ಧನ ಮಾತು ಎಲ್ಲ ಹುಡುಕಿದ ತಕ್ಷಣ ಸಿಗಬೇಕು. ಬೈಂಡಿಂಗ್ ಬಿಟ್ಟಿದ್ದರೆ ಹೊಲಿಸಿರಬೇಕು. ಅಷ್ಟು ನಿಮ್ಮ ಕೈಯಲ್ಲಿದೆ. ನಿಮ್ಮ ಕರಾವಳಿಯಲ್ಲೇ ಇದಕ್ಕೆ ಹಿರಿಯರಿದ್ದಾರೆ. ಇಂಥ ಮಾತು ಬಂದಾಗ ಎಲ್ಲರೂ 1894ರ ಕಿಟೆಲ್ ನಿಘಂಟಿನ ಹೆಸರು ಹೇಳುತ್ತಾರೆ. ನನಗೆ ಮೋಗ್ಲಿಂಗ್ ಮೇಲೆ ಪ್ರೀತಿ ಜಾಸ್ತಿ. 1843ರಲ್ಲಿ ಮಂಗಳೂರ ಸಮಾಚಾರ ಶುರು ಮಾಡಿದ ಆ ಪಾದ್ರಿ, ಮುಂದೆ ಬಾಸೆಲ್ ಮಿಶನ್ ಛಾಪಖಾನೆಯಲ್ಲಿ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದ ಅಚ್ಚು ಹಾಕಿಸಿದರು. ಬಂದಿದ್ದು ಸುವಾರ್ತೆ ಸಾರಲು. ಕೈಯಿಂದ ಆಗಿದ್ದರಲ್ಲಿ ಇತರರ ಭಕ್ತಿಯ ಪುಸ್ತಕಗಳೂ ಇವೆ.

ಬೆಂಗಳೂರಿನ ಕೆಲಸ. ಖಾಲಿತನ ಹೋಗಲಿ ಅನ್ನೋ ಒಂದೇ ಕಾರಣಕ್ಕೆ ಹೋಗಬೇಡಿ. ಕ್ರೈಸ್ತ ಕಾಲೇಜಿನಲ್ಲೂ ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನ ಫೈಲ್ ಫೈಲೇ, ಸ್ಟಾಕ್ ವೆರಿಫಿಕೇಶನ್ ಧೂಳು ಧೂಳೇ. ಬೆಳಗಿನ ಪ್ರಾರ್ಥನೆಯಲ್ಲಿ ಪಕ್ಕದಲ್ಲಿ ನಿಂತವರು ಸಂಜೆ ಸ್ನೇಹಿತರಾಗುತ್ತಾರೆ ಅಂತ ಗ್ಯಾರಂಟಿ ಏನೂ ಇಲ್ಲ. ಕಾಯಂ ಕೆಲಸ ಬಿಟ್ಟು ಕಾಂಟ್ರಾಕ್ಟಿಗೆ ಹೋದ ಮೇಲೆ ಬೆಂಗಳೂರಿನ ಬಾಡಿಗೆ ನೋಡಿ ಬರುವ ಬೇಸರ ಬೇರೆ! ಕೆಲಸವೇ ಚೆನ್ನಾಗಿದೆ ಅಂತಿದ್ದರೆ ಮಾತು ಬೇರೆ. ಪುಸ್ತಕ ಆರಿಸುವುದು ಯಾರು, ಬಜೆಟ್ ಎಷ್ಟು, ಕಾಯಂ ಮಾಡುವುದು ಯಾವಾಗ ಅಂತ ಬರಹದಲ್ಲಿ ಕೇಳಿ. ಉತ್ತರ ತೃಪ್ತಿ ಕೊಟ್ಟರೆ ಧಾರಾಳವಾಗಿ ಹೋಗಿ.

ಜನ ಬೇಕು ಅನ್ನುವುದಕ್ಕೆ ಈಗ ಬರುತ್ತೇನೆ. ನಂಬಿಕೆ, ವೃತ್ತಿ ಎರಡೂ ಒಂದೇ ಆಗಿರುವವರ ಕೂಟ ಎಲ್ಲೂ ಇಲ್ಲ ಅಂತಲ್ಲ. ಅಮೆರಿಕದಲ್ಲಿ ಕ್ರೈಸ್ತ ಲೈಬ್ರೇರಿಯನ್ನರ ಸಂಘ 1957ರಿಂದಲೂ ಇದೆ, ಪತ್ರಿಕೆ ನಡೆಸುತ್ತೆ. ಹತ್ತಿರದವರು ಬೇಕಿದ್ದರೆ ರಜೆಗೆ ಊರಿಗೆ ಹೋದಾಗ ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿಗೆ ಹೋಗಿ ಬನ್ನಿ. ಅಲ್ಲಿನ ದಾಖಲೆ ಭಂಡಾರದಲ್ಲಿ ಬಾಸೆಲ್ ಮಿಶನ್ ಕಾಲದ ಕಾಗದಪತ್ರಗಳಿವೆ. ಆ ಕೆಲಸ ಮಾಡುವವರ ಪರಿಚಯ ಮಾಡಿಕೊಳ್ಳಿ, ಫೋನ್ ನಂಬರ್ ತಗೊಳ್ಳಿ. ವೃತ್ತಿಯ ಕಷ್ಟಕ್ಕೆ ಮಾತ್ರ ಪಕ್ಕದ ತಾಲೂಕಿನ ಕಾಲೇಜಿನ ಲೈಬ್ರೇರಿಯನ್ ಸಾಕು. ಅವರು ಯಾವ ದೇವರಿಗೆ ಕೈ ಮುಗಿದರೂ ಲೈಬ್ರರಿಯ ಕೊಹಾ ಸಾಫ್ಟ್‌ವೇರ್ ಕೈಕೊಟ್ಟಾಗ ನಿಮ್ಮ ಗೋಳು ಅವರಿಗೇ ಮೊದಲು ಅರ್ಥ ಆಗುವುದು.

ಸಭೆಯಲ್ಲಿ ನೀವು ಇನ್ನೂ ನೆಂಟರ ಥರ ಇದ್ದೀರಿ. ಉಡುಪಿಯ ರಾಗ ಬೇರೆ, ಅಲ್ಲಿಯ ರಾಗ ಬೇರೆ. ಮಾತಿನ ಧಾಟಿಯೂ ಬೇರೆ. ಮಾತಿನಿಂದ ಒಳಗೆ ಹೋಗುವುದು ಕಷ್ಟ ಅನ್ನಿಸಿದರೆ ಕೆಲಸದಿಂದ ಹೋಗಿ. ಸಭಾಪಾಲಕರನ್ನು ಹೋಗಿ ಕೇಳಿ: ಹಳೆಯ ದೀಕ್ಷಾಸ್ನಾನದ ರಿಜಿಸ್ಟರ್, ಮದುವೆ ರಿಜಿಸ್ಟರ್ ಎಲ್ಲಿವೆ? ಅನೇಕ ಸಭೆಗಳಲ್ಲಿ ಅವು ಯಾವುದೋ ಬೀರುವಿನಲ್ಲಿ ಗೆದ್ದಲಿಗೆ ಕಾಯುತ್ತಾ ಬಿದ್ದಿರುತ್ತವೆ. ನಾನು ನೋಡಿಕೊಳ್ತೀನಿ ಅನ್ನಿ. ಮೆತ್ತನೆ ಬ್ರಷ್ಷಿನಲ್ಲಿ ಧೂಳು ತೆಗೆದು, ಪುಟ ಪುಟದ ಫೋಟೋ ಹಿಡಿದು, ಹೆಸರುಗಳ ಪಟ್ಟಿ ಮಾಡಲು ಕೂರಿ. ಹಳೆಯ ಕೈಬರಹವನ್ನು ನೀವೊಬ್ಬರೇ ಕೂತು ಓದಲು ಆಗುವುದಿಲ್ಲ. ‘ಇದು ಯಾರ ಮನೆತನ?’ ಅಂತ ಅಜ್ಜಿಯರನ್ನು ಕೇಳಲೇಬೇಕಾಗುತ್ತೆ. ಅವರು ಹೇಳಲು ಶುರು ಮಾಡಿದರೆ ಭಾನುವಾರ ರೂಮಿಗೆ ಬೇಗ ವಾಪಸಾಗುವ ಮಾತೇ ಇಲ್ಲ, ಊಟಕ್ಕೂ ಅಲ್ಲೇ ಕೂರಿಸಿಕೊಳ್ಳುತ್ತಾರೆ. ನಿಮಗೆ ಉಪದೇಶ ಮಾಡಿದ ಆ ಹಿರಿಯರನ್ನೇ ಮೊದಲು ಕರೆಯಿರಿ. ಅವರ ಅಪ್ಪನ ಹೆಸರು ಹುಡುಕಿಕೊಡಿ. ಒಂದೇ ಎಚ್ಚರಿಕೆ. ಹರಿದ ಪುಟ ಕಂಡ ಕೂಡಲೇ ಯಾರಾದರೂ ಪ್ರೀತಿಯಿಂದ ಸೆಲೋಟೇಪ್ ತರುತ್ತಾರೆ, ಲ್ಯಾಮಿನೇಶನ್ ಮಾಡಿಸೋಣ ಅನ್ನುತ್ತಾರೆ. ಎರಡಕ್ಕೂ ಬಿಡಬೇಡಿ. ಹತ್ತಿಯ ಲಾಡಿಯಲ್ಲಿ ಕಟ್ಟಿಡಿ, ಸಾಕು.